ಮಾಬವ್ವನ ಕೆಟ್ಟ ರಕ್ತ

ಖಾಸಿಂಬಿ, ನಿನ್ನ ಅವ್ವನನ್ನು ಬೆಂಗಳೂರಿಗೆ ಹೋಗದಂತೆ ತಡೆದವಳು ನಾನು. ರೋಗವಲ್ಲ, ಹಣೆಬರಹವಲ್ಲ, ನೀನು ಕಣ್ಣೊರೆಸಿಕೊಂಡು ಹೇಳುವ ಹಾಗೆ ಅಲ್ಲಾನ ಮರ್ಜಿಯೂ ಅಲ್ಲ — ನಾನು. ಪ್ರತಿ ರಂಜಾನಿಗೆ ತೆಕ್ಕಲಕೋಟೆಯಿಂದ ಸುರಕುಂಬಾ ಪಾಯಸದ ಡಬ್ಬಿ ಹಿಡಿದು ಬಂದು ನೀನು ಯಾರ ಕಾಲು ಮುಟ್ಟುತ್ತೀಯೋ, ಆ ಡಾಕ್ಟರಮ್ಮ. ಮಾಬವ್ವನ ಗಲ್ಲದೊಳಗಿನ ಹುಣ್ಣು ಇನ್ನೂ ಚಿಕ್ಕದಿದ್ದಾಗ, ಅದು ಕುತ್ತಿಗೆಗೆ ಇಳಿಯುವ ಮೊದಲು, "ಅವಸರ ಏನಿಲ್ಲ" ಅಂದೆ. ಆಕೆಯ ಒಳ್ಳೆಯದಕ್ಕೆ ಅನ್ನಲಿಲ್ಲ. ಆಕೆಯ ರಕ್ತ ನನಗೆ ಬೇಕಾಗಿತ್ತು, ಅದಕ್ಕೆ ಅಂದೆ.

ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತೇ ಎಂದು ನೀನು ಕೇಳಬಹುದು. ಹೇಳದೇ ಇರಲು ನನ್ನ ಹತ್ತಿರ ಬಹಳ ಕಾರಣಗಳಿದ್ದವು, ಒಂದಕ್ಕಿಂತ ಒಂದು ಮರ್ಯಾದಸ್ಥ ಕಾರಣಗಳು. ಇವತ್ತು ಅವುಗಳಲ್ಲಿ ಒಂದೂ ಉಳಿದಿಲ್ಲ. ನೀನು ಆಗ ಹೊಸದಾಗಿ ಮದುವೆಯಾಗಿ ತೆಕ್ಕಲಕೋಟೆಗೆ ಹೋಗಿದ್ದೆ. ಸಿರುಗುಪ್ಪದ ಮನೆಯಲ್ಲಿ ನಿನ್ನ ಅವ್ವ ಒಬ್ಬಳೇ. ನಡೆದದ್ದನ್ನು ನೀನು ನೋಡಲಿಲ್ಲ, ಕೇಳಿದೆ ಅಷ್ಟೆ. ಕೇಳಿದ್ದೂ ನನ್ನ ಬಾಯಿಂದ.

ಮಾಬವ್ವ ಕೊಂಬು ಹಚ್ಚುವವಳು. ನಿನಗೆ ಇದನ್ನು ಹೇಳಬೇಕಾಗಿಲ್ಲ, ಆದರೆ ಇದು ಬೇರೆಯವರ ಕೈಗೂ ಹೋಗಲಿ ಅಂತ ನನ್ನ ಆಸೆ, ಅವರಿಗೆ ಗೊತ್ತಾಗಲಿ. ಮೊಣಕಾಲು ಹಿಡಿದವರಿಗೆ, ಬೆನ್ನು ಸೆಳೆಯುವವರಿಗೆ, ನೋವಿನ ಜಾಗದಲ್ಲಿ ಸಣ್ಣಗೆ ಗೀರಿ, ಟೊಳ್ಳು ಕೊಂಬನ್ನು ಅದರ ಮೇಲೆ ಒತ್ತಿ, ತುದಿಯ ತೂತಿಗೆ ಬಾಯಿಟ್ಟು ಗಾಳಿ ಹೀರಿ, ತಟ್ಟನೆ ಮೇಣ ಮುಚ್ಚಿಬಿಡುವುದು. ಕೊಂಬು ಮೈಗೆ ಕಚ್ಚಿಕೊಂಡು ನಿಲ್ಲುತ್ತದೆ, ಒಳಗೆ ರಕ್ತ ಜಿನುಗಿ ಕಪ್ಪಗೆ ಗಟ್ಟಿಯಾಗುತ್ತದೆ. ಅದಕ್ಕೇ ಕೆಟ್ಟ ರಕ್ತ ಅನ್ನುವುದು. ನಾನು ಚಿಕ್ಕವಳಿದ್ದಾಗ ಆಕೆ ಕುರುಗೋಡಿಗೆ ನಮ್ಮ ಅಜ್ಜಿಯ ಮೊಣಕಾಲಿಗೆ ಕೊಂಬು ಹಚ್ಚಲು ಬರುತ್ತಿದ್ದಳು.

"ಎಲೀ ಮಾಬವ್ವ, ನನ್ನ ರಕ್ತ ಹೀರಿ ಹೀರಿ ನೀ ಗುಂಡಗಾದಿ, ನಾ ಸೊರಗಿದೆ ನೋಡು," ಎಂದು ಅಜ್ಜಿ ಗೊಣಗುವಳು.

"ನಿಮ್ಮ ರಕ್ತದಾಗ ಏನೈತ್ರಿ ಗೌಡ್ತಿ, ಬರೇ ಸಿಟ್ಟು. ಅದನ್ನ ಕುಡುದು ಯಾರರ ಗುಂಡಗಾಗ್ತಾರೇನು?"

ಮನೆಯಲ್ಲಿ ಯಾರ ಮಾತಿಗೂ ನಗದ ಅಜ್ಜಿ ಇದಕ್ಕೆ ನಗುತ್ತಿದ್ದಳು. ಕೊಂಬು ಕಿತ್ತ ಮೇಲೆ ಮಾಬವ್ವ ಒಳಗಿನ ರಕ್ತವನ್ನು ಒಂದು ಗಡಿಗೆಯ ಚೂರಿನಲ್ಲಿ ಹಾಕಿ ಅಜ್ಜಿಯ ಮುಖದ ಮುಂದೆ ಹಿಡಿದು ತೋರಿಸುವಳು. ಆಮೇಲೆ ಹಿತ್ತಲಿಗೆ ಹೋಗಿ ಬೇವಿನ ಗಿಡದ ಬುಡದಲ್ಲಿ ಹೂಳುವಳು. ತೋರಿಸದೆ ಒಗೆಯಬಾರದು, ಹೂಳದೆ ಬಿಡಬಾರದು, ಬಿಟ್ಟರೆ ರೋಗ ತಿರುಗಿ ಬರುತ್ತದೆ ಎಂಬುದು ಆಕೆಯ ಕಟ್ಟಳೆ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಆಕೆ ಮಣ್ಣು ಮುಚ್ಚುವುದನ್ನು ನೋಡುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ರೋಗಶಾಸ್ತ್ರ ಪಾಠ ಹೇಳುತ್ತಿದ್ದೆ. ಕಾಲೇಜಿನ ಹೆಸರು ಬೇಡ, ತಪ್ಪು ಅದರದ್ದಲ್ಲ. ನನಗೊಂದು ಹುಚ್ಚು ಹಿಡಿದಿತ್ತು. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಒಂದು ಜಾತಿ ಮೈಯ ಕಾವಲಿಗೆ ಇರುವಂಥದ್ದು — ಹೊರಗಿನಿಂದ ಬಂದದ್ದನ್ನು, ಒಳಗೇ ಕೆಟ್ಟು ನಿಂತದ್ದನ್ನು ಗುರುತು ಹಿಡಿದು ಕೊಲ್ಲುವಂಥದ್ದು. ಅವನ್ನು ಹೊರತೆಗೆದು ಗಾಜಿನ ಬಾಟಲಿಯಲ್ಲಿ ಬೆಳೆಸಿ, ಒಂದಕ್ಕೆ ನೂರು ಮಾಡಿ, ಅದೇ ಮೈಯ ಕ್ಯಾನ್ಸರಿನ ಮೇಲೆ ಬಿಟ್ಟರೆ ಏನಾದೀತು? ಹೊರದೇಶಗಳಲ್ಲಿ ಆಗ ಇದನ್ನೇ ಕೇಳುತ್ತಿದ್ದರು. ಆ ದೊಡ್ಡ ಮಾತಿಗೆ ಮೊದಲು ಒಂದು ಸಣ್ಣ ಮಾತಿತ್ತು: ಕ್ಯಾನ್ಸರ್ ಇರುವವರ ಕಣಗಳು ಬಾಟಲಿಯಲ್ಲಿ ಬೆಳೆಯುತ್ತವೆಯೇ, ಬೆಳೆದರೆ ಆ ಕಸುವು ಎಲ್ಲಿಯವರೆಗೆ ಉಳಿಯುತ್ತದೆ? ಅದನ್ನು ನಾನು ಬಳ್ಳಾರಿಯಲ್ಲಿ ಕಂಡುಹಿಡಿಯುತ್ತೇನೆ ಅಂತ ಹೊರಟೆ.

"ಏನಮ್ಮಾ ಗಿರಿಜಾ, ಈ ಬಿಸಿಲಲ್ಲಿ ಮನುಷ್ಯರು ಬದುಕೋದೇ ಕಷ್ಟ, ನೀನು ಕಣ ಸಾಕ್ತೀಯಾ? ಎರಡು ಎಮ್ಮೆ ಸಾಕು, ಹಾಲಾದ್ರೂ ಬರುತ್ತೆ," ಎಂದರು ನಮ್ಮ ವಿಭಾಗದ ಹಿರಿಯರು, ಎಲ್ಲರ ಎದುರಿಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಮನೆಗೆ ಬಂದು ಊಟ ಮಾಡದೆ ಮಲಗಿದೆ. ಇದನ್ನು ನೆಪಕ್ಕೆ ಹೇಳುತ್ತಿಲ್ಲ ಖಾಸಿಂಬಿ — ಅವರು ನಕ್ಕಿದ್ದಕ್ಕೂ ನಿನ್ನ ಅವ್ವ ಸತ್ತದ್ದಕ್ಕೂ ಏನು ಸಂಬಂಧ? ಸಂಬಂಧ ಇದ್ದದ್ದು ನನ್ನ ಹಟಕ್ಕೆ ಮಾತ್ರ.

ಹಟ ಮಾಡಿ ಬೆಳೆಸಿದೆ. ಬ್ರೂಸ್‌ಪೇಟೆಯ ಕಿರಾಣಿ ಅಂಗಡಿಯಿಂದ ಕೆಂಪು ರಾಜ್ಮಾ ಕಾಳು ತಂದು, ನೆನೆಸಿ, ಅರೆದು, ರಸ ಸೋಸುತ್ತಿದ್ದೆ. ಆ ರಸದ ಹನಿ ಬಿದ್ದರೆ ಮಲಗಿದ ಬಿಳಿ ಕಣಗಳು ಎದ್ದು ಒಂದು ಎರಡಾಗುತ್ತವೆ. "ಏನ್ರೀ ಡಾಕ್ಟ್ರಮ್ಮ, ಯಾವಾಗ್ಲೂ ಇದ ಪಲ್ಯ ಏನ್ರಿ ನಿಮ್ಮನ್ಯಾಗ?" ಎಂದು ಅಂಗಡಿಯವ ಚೇಷ್ಟೆ ಮಾಡುತ್ತಿದ್ದ. ಕಣಗಳ ಆಹಾರ ಗುಲಾಬಿ ಬಣ್ಣದ ನೀರು, ಬೊಂಬಾಯಿಯಿಂದ ರೈಲಿನಲ್ಲಿ ಐಸಿನ ಡಬ್ಬಿಯಲ್ಲಿ ಬರಬೇಕು. ಕಣಗಳು ಬೆಳೆದಂತೆ ಆ ಗುಲಾಬಿ ಹಳದಿಗೆ ತಿರುಗುತ್ತದೆ. ಬೆಳಿಗ್ಗೆ ಬಂದ ಕೂಡಲೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಬಣ್ಣ ನೋಡುವುದೇ ನನಗೆ ದೇವರ ಪೂಜೆ.

ಆದರೆ ಬಳ್ಳಾರಿಯ ಬೇಸಿಗೆ! ಪುಸ್ತಕಗಳೆಲ್ಲ ಕಣಗಳನ್ನು ಬೆಚ್ಚಗಿಡುವುದು ಹೇಗೆ ಅಂತ ಬರೆದಿದ್ದವು. ಬರೆದವರು ಹಿಮದ ದೇಶದವರು. ನನಗೆ ಬೇಕಾಗಿದ್ದು ತಣ್ಣಗಿಡುವ ದಾರಿ. ಕಣಗಳಿಗೆ ಬೇಕಾದದ್ದು ಮನುಷ್ಯರ ಮೈಶಾಖ. ಕೋಣೆಯ ಗಾಳಿಯೋ ಅದಕ್ಕಿಂತ ಬಿಸಿ. ಬೆಚ್ಚಗಿಡುವ ಪೆಟ್ಟಿಗೆಗೆ ತಂಪು ಮಾಡಲು ಬರುತ್ತಿರಲಿಲ್ಲ. ಒದ್ದೆ ಗೋಣಿ ಸುತ್ತಿದೆ, ಮರಳಿನಲ್ಲಿ ಮಡಕೆ ಹೂತು ಅದರೊಳಗೆ ಇಟ್ಟೆ. ಒಂದು ಗಳಿಗೆ ಹೆಚ್ಚು, ಒಂದು ಗಳಿಗೆ ಕಡಿಮೆ. ಕೊನೆಗೆ ಹೊಳೆಯಿತು — ಆ ಕೋಣೆಯಲ್ಲಿ ಮೈಶಾಖ ಸರಿಯಾಗಿ ಇರುವ ವಸ್ತು ಒಂದೇ ಇದೆ, ಅದು ನಾನು. ಬಾಟಲಿಗೆ ಬಟ್ಟೆ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡು ಮೇಲೆ ಸೀರೆ ಉಟ್ಟೆ. ಹಾಗೇ ಪಾಠ ಹೇಳಿದೆ.

ಅಂಥ ದಿನಗಳಲ್ಲಿ ಮಾಬವ್ವ ಬಂದಳು.

ಆಕೆಗೆ ಕೊಂಬು ಹೀರಲು ಆಗುತ್ತಿರಲಿಲ್ಲ. ಗಾಳಿ ಎಳೆದರೆ ಎಡಗಲ್ಲದೊಳಗೆ ಚುಚ್ಚುತ್ತಿತ್ತು. ತಂಬಾಕು ಸುಣ್ಣ ತಿಕ್ಕಿ ವರ್ಷಾನುಗಟ್ಟಲೆ ಇಟ್ಟುಕೊಂಡ ಜಾಗ. ಗಂಟಲು-ಬಾಯಿ ನೋಡುವ ಡಾಕ್ಟರು ಹುಣ್ಣಿನ ಚೂರು ತೆಗೆದು ನನ್ನ ವಿಭಾಗಕ್ಕೆ ಕಳಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರ್ ಎಂದು ಹೇಳಿದವಳು ನಾನೇ. ಡಾಕ್ಟರು ಒಳ್ಳೆಯ ಮನುಷ್ಯ, ಆಕೆಯನ್ನು ಕೂರಿಸಿಕೊಂಡು ನನ್ನ ಎದುರಿಗೇ ಹೇಳಿದರು: "ಗಂಟು ಸಣ್ಣದೈತಿ, ಕುತ್ತಿಗಿಗೆ ಇಳಿದಿಲ್ಲ. ನಿನ್ನ ನಸೀಬು ಚಲೋ ಐತಿ ಅಂತ ತಿಳ್ಕೊ. ಬೆಂಗಳೂರಿಗೆ ಹೋಗಿ ಕರೆಂಟ್ ಇಡಿಸ್ಕೊ, ವಾಸಿ ಆಗ್ತೈತಿ." ವಿಕಿರಣಕ್ಕೆ ನಮ್ಮ ಕಡೆ ಜನ ಕರೆಂಟ್ ಅಂತಲೇ ಅನ್ನುವುದು. ಮಾಬವ್ವ ಹೆದರಿದಳು. ಯಾರಿಗೆ ಹೆದರಿಕೆ ಆಗುವುದಿಲ್ಲ, ಮುಖಕ್ಕೆ ಕರೆಂಟ್ ಇಡುತ್ತಾರೆ ಅಂದರೆ?

ಹೊರಗೆ ಬಂದವಳು ನನ್ನನ್ನು ದಿಟ್ಟಿಸಿ ನೋಡಿ, "ಅಲ್ಲಬೇ, ನೀ ಕುರುಗೋಡ ಗೌಡ್ತಿ ಮೊಮ್ಮಗಳಲ್ಲೇನು? ಮೂಗಿನಾಗ ಸುರಕ್ ಸುರಕ್ ಅಂತ ಬೇವಿನ ಗಿಡದ ಹತ್ರ ಕುಂದರ್ತಿದ್ದಿ," ಎಂದಳು. ಕೈ ಹಿಡಿದುಕೊಂಡಳು. ಹಿಡಿದ ಕೈ ಬಿಡಲಿಲ್ಲ.

ಬೆಂಗಳೂರಿಗೆ ಹೋಗುವ ಮೊದಲು ಒಂದು ಸಲ ರಕ್ತ ತೆಗೆದುಕೊಳ್ಳೋಣ ಅಂದುಕೊಂಡೆ — ಒಂದೇ ಸಲ. ನಿಜವಾಗಿ ಹಾಗೇ ಅಂದುಕೊಂಡಿದ್ದೆ. ಸೂಜಿ ಚುಚ್ಚಿದಾಗ ಆಕೆ ಮುಖ ತಿರುಗಿಸಲಿಲ್ಲ, ಕೊಳವೆಗೆ ರಕ್ತ ಏರುವುದನ್ನು ಕಸುಬಿನವಳ ಕಣ್ಣಿಂದ ನೋಡಿದಳು.

"ಅಯ್ಯ, ನನ್ನ ಕೆಲಸ ನೀನೂ ಮಾಡಾಕತ್ತಿ! ನಾ ಕೊಂಬಿಲೆ ತೆಗಿತಿದ್ದೆ, ನೀ ಸೂಜಿಲೆ ತೆಗಿತಿ. ತೆಗಿ ತೆಗಿ, ಕೆಟ್ಟದ್ದೆಲ್ಲಾ ತೆಗಿ. ಇದಕ್ಯಾಕ ಕರೆಂಟ್ ಬೇಕು?"

ನಾನು ನಕ್ಕೆ. ಅಲ್ಲ, ಇದು ಔಷಧವಲ್ಲ, ಇದು ನನಗಾಗಿ — ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ನಗುವುದು ಸುಲಭವಿತ್ತು. ಅಷ್ಟೇ ಅಲ್ಲ, ಒಳಗೆಲ್ಲೋ ಒಂದು ಲೆಕ್ಕ ಆಗಲೇ ಶುರುವಾಗಿತ್ತು. ಅದು ನನಗೆ ಗೊತ್ತಿರಲಿಲ್ಲ ಅಂದರೆ ಇನ್ನೊಂದು ಸುಳ್ಳು ಹೇಳಿದಂತಾಗುತ್ತದೆ.

ಆಕೆಯ ಕಣಗಳು ಬೆಳೆದವು. ಹೇಗೆ ಬೆಳೆದವು ಅಂತೀ! ವಿದ್ಯಾರ್ಥಿಗಳ ರಕ್ತ, ನರ್ಸುಗಳ ರಕ್ತ, ನನ್ನದೇ ರಕ್ತ, ಯಾವುದೂ ಹಾಗೆ ಬೆಳೆದಿರಲಿಲ್ಲ. ಬಾಟಲಿ ಹಳದಿಗೆ ತಿರುಗಿತು, ನಾನು ಕುಣಿದಾಡಿಬಿಟ್ಟೆ. ರೋಗ ಮೈಯಲ್ಲಿದ್ದೂ ಕಾವಲುಗಾರರಿಗೆ ಇಷ್ಟು ಕಸುವು! ಇದು ಎಷ್ಟು ದಿನ ನಿಲ್ಲುತ್ತದೆ ಎಂದು ನೋಡಬೇಕು, ಮತ್ತೆ ಮತ್ತೆ ತೆಗೆದು ನೋಡಬೇಕು. ಒಂದೇ ತೊಡಕು. ಕರೆಂಟ್ ಇಡಿಸಿಕೊಂಡು ಬಂದ ಬೇರೆ ರೋಗಿಗಳ ರಕ್ತವನ್ನು ನಾನು ಮೊದಲೇ ಪರೀಕ್ಷಿಸಿದ್ದೆ. ಕಾಳಿನ ರಸ ಎಷ್ಟು ಹಾಕಿದರೂ ಅವರ ಕಣಗಳು ಕದಲುತ್ತಿರಲಿಲ್ಲ. ವಿಕಿರಣ ಗಂಟನ್ನು ಸುಡುವಾಗ ಇವನ್ನೂ ಸುಡುತ್ತದೆ. ಮಾಬವ್ವ ಬೆಂಗಳೂರಿಗೆ ಹೋದರೆ ನನ್ನ ಪ್ರಯೋಗ ಮುಗಿಯಿತು.

ಇಲ್ಲಿಗೆ ಎಲ್ಲ ನಿಚ್ಚಳವಾಯಿತಲ್ಲ. ಒಂದು ಕಡೆ ಹೆಂಗಸಿನ ಜೀವ, ಇನ್ನೊಂದು ಕಡೆ ಬಾಟಲಿ. ತಕ್ಕಡಿ ನನ್ನ ಕೈಯಲ್ಲಿ.

ಮುಂದಿನ ವಾರ ಆಕೆ ತಾನಾಗೇ ಬಂದಳು, ಸಿರುಗುಪ್ಪದ ಬಸ್ಸು ಹತ್ತಿ, ಬಿಸಿಲಲ್ಲಿ. ಬಂದವಳು ಮೊದಲು ತನ್ನ ಕಟ್ಟಳೆಯ ಮಾತು ಎತ್ತಿದಳು: "ತೆಗದಿದ್ದು ತೋರಸಬೇಕು ಬೇ. ಹಂಗ ಇಟ್ಕೊಂಡ್ರ ಆಗಂಗಿಲ್ಲ." ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಒಂದು ಕಣ್ಣು ಮುಚ್ಚಲು ಬರದೆ ಸೆರಗಿನಿಂದ ಮುಚ್ಚಿಕೊಂಡು ನೋಡಿದಳು. ದುಂಡಗಿನ, ತುಂಬಿಕೊಂಡ, ಬೆಳಕು ಕುಡಿದಂತೆ ಮಿನುಗುವ ಕಣಗಳು. ಗುಂಪು ಗುಂಪಾಗಿ ಕೂಡಿದ್ದವು.

"ಕೆಟ್ಟದ್ದು ಇಷ್ಟು ಚಂದ ಇರ್ತೈತೇನು?"

ಅದು ಕೆಟ್ಟದ್ದಲ್ಲ ಮಾಬವ್ವ, ನಿನ್ನ ಮೈಯಲ್ಲಿರುವುದರಲ್ಲಿ ಒಳ್ಳೆಯದು ಅಂದರೆ ಅದೇ, ನಿನಗಾಗಿ ಹೊಡೆದಾಡುತ್ತಿರುವುದು ಅದೊಂದೇ — ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಇರ್ತೈತಿ," ಎಂದೆ.

ಏಳುವಾಗ ಆಕೆಯ ಕೈ ನನ್ನ ಹೊಟ್ಟೆಗೆ ತಾಗಿತು. ಉಬ್ಬು ಸಿಕ್ಕಿತು. ಕಣ್ಣು ಅರಳಿಸಿ, "ಹೌದೇನಬೇ? ಬಸರಾಗೀಯೇನು? ಯಾರಿಗೂ ಹೇಳವಲ್ಲಿ!" ಎಂದು ಕೇಳಿದಳು. ಮದುವೆಯಾಗದ ನನಗೆ ಇಂಥ ಮಾತು ಕೇಳುವ ಧೈರ್ಯ ಆಕೆಗೊಬ್ಬಳಿಗೇ ಇದ್ದದ್ದು. ನಾನು ನಗುತ್ತಾ ಸೆರಗು ಸರಿಸಿ ಬಾಟಲಿ ತೋರಿಸಿದೆ. "ನಿನ್ನ ರಕ್ತನ ಇದು. ಬಿಸಿಲಿಗೆ ಕೆಡಬಾರ್ದು ಅಂತ ಕಟ್ಕೊಂಡೀನಿ."

ಮಾಬವ್ವನ ಮುಖ ಬದಲಾಯಿತು. ಆ ಮುಖವನ್ನು ನಾನು ಇವತ್ತಿಗೂ — ಇರಲಿ. ಆಕೆ ತಿಳಿದುಕೊಂಡದ್ದೇ ಬೇರೆ. ಆಕೆಯ ಕಸುಬಿನಲ್ಲಿ ಕೆಟ್ಟ ರಕ್ತವನ್ನು ಯಾರೂ ಮೈಗೆ ತಾಗಿಸಿಕೊಳ್ಳುವುದಿಲ್ಲ. ತಾಗಿದರೆ ರೋಗ ದಾಟುತ್ತದೆ, ಅದಕ್ಕೇ ಹೂಳುವುದು. ನಾನು ಆಕೆಯ ರೋಗವನ್ನು ನನ್ನ ಮೈಮೇಲೆ ತೆಗೆದುಕೊಳ್ಳುತ್ತಿದ್ದೇನೆ, ಹೊಟ್ಟೆಗೇ ಕಟ್ಟಿಕೊಂಡಿದ್ದೇನೆ ಎಂದು ಆಕೆಗೆ ಖಾತ್ರಿಯಾಯಿತು.

"ನನ್ನ ಹಡದವ್ವ ಮಾಡಲಿಲ್ಲ ಇದನ್ನ," ಎಂದು ಅತ್ತಳು. "ನನ್ನ ಕೆಟ್ಟದ್ದೆಲ್ಲಾ ಹೊತ್ಕೊಂಡು ತಿರಗಾಕತ್ತಿಯಲ್ಲ ತಾಯಿ. ಬಿಚ್ಚಿ ಒಗಿ ಅದನ್ನ, ನಿನಗೇನಾರ ಆದ್ರ!"

ಒಗೆಯಲಿಲ್ಲ. ತಿದ್ದಲೂ ಇಲ್ಲ. ಆಕೆ ಕಣ್ಣೊರೆಸಿಕೊಂಡು ಆ ಪ್ರಶ್ನೆ ಕೇಳಿದ್ದು ಆಗಲೇ: "ನೀ ಇಷ್ಟು ಮಾಡಾಕತ್ತಿದ ಮ್ಯಾಲ ನಾ ಬೆಂಗಳೂರಿಗೆ ಹೋಗ್ಬೇಕೇನು? ನೀ ಹೋಗಂದ್ರ ನಾಳೆನ ಹೋಗ್ತೀನಿ. ನೀ ಹೇಳಿದಂಗ."

ನೀ ಹೇಳಿದಂಗ. ಆಕೆ ಪೂರ್ತಿ ನನ್ನ ಕೈಗೆ ಕೊಟ್ಟುಬಿಟ್ಟಳು, ಖಾಸಿಂಬಿ. ಬಾಗಿಲ ಹೊರಗೆ ಯಾರೋ ಬಕೆಟ್ಟಿನಿಂದ ಗೋಣಿಗೆ ನೀರು ಚೆಲ್ಲುತ್ತಿದ್ದ ಸದ್ದು ನನಗೆ ನೆನಪಿದೆ. ನಾನು ಬಾಟಲಿಯ ಗಂಟು ಬಿಗಿಮಾಡಿಕೊಳ್ಳುತ್ತಾ ಅಂದೆ:

"ಅವಸರ ಏನಿಲ್ಲ. ಈ ಬ್ಯಾಸಿಗಿ ಕಳೀಲಿ."

ಬೇಸಿಗೆ ಕಳೆಯುವವರೆಗೂ ಬಂದಳು. ಬಂದಾಗಲೆಲ್ಲ ನನಗೆ ಏನಾದರೂ ತರುತ್ತಿದ್ದಳು: ಒಮ್ಮೆ ಮುತ್ತುಗದ ಎಲೆಯಲ್ಲಿ ಸುತ್ತಿದ ಬೆಣ್ಣೆ, ಒಮ್ಮೆ ದರ್ಗಾದ ದಾರ. ರೋಗ ನನಗೆ ದಾಟಬಾರದು ಅಂತ ಆ ದಾರವನ್ನು ತಾನೇ ನನ್ನ ರಟ್ಟೆಗೆ ಕಟ್ಟಿದಳು. ತೋಳು ಚಾಚಿ ಕೂರುವಳು, ನಾನು ತೆಗೆಯುವೆ, ಆಕೆ ಸಮಾಧಾನದಿಂದ ಬಸ್ಸು ಹತ್ತುವಳು. ನೋವು ಕಡಿಮೆಯಾಗಿದೆ ಎಂದು ಕೂಡ ಒಮ್ಮೆ ಹೇಳಿದಳು. ನಂಬಿಕೆಗೆ ಅಷ್ಟು ಶಕ್ತಿ ಇತ್ತು, ನನ್ನಂಥವಳ ಮೇಲಿನ ನಂಬಿಕೆಗೂ.

ಬಾಯಿಯ ಡಾಕ್ಟರು ಒಂದು ಸಲ ವರಾಂಡದಲ್ಲಿ ಸಿಕ್ಕಿ, "ಆ ಸಿರುಗುಪ್ಪದ ಹೆಂಗಸು ಹೋದಳಾ ಬೆಂಗಳೂರಿಗೆ?" ಎಂದು ಕೇಳಿದರು. "ಹೋಗ್ತಾಳೆ ಸರ್, ಹೆದರಿದಾಳೆ, ನಾನು ಒಪ್ಪಿಸ್ತಿದೀನಿ," ಎಂದೆ. ಅವರು ನನಗೆ ಧನ್ಯವಾದ ಹೇಳಿ ಹೋದರು! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಅನ್ನುತ್ತಾರಲ್ಲ, ನಾನು ಅದನ್ನೂ ಮಾಡಲಿಲ್ಲ. ನೆಟ್ಟಗೆ ನಡೆದುಕೊಂಡು ಪಾಠಕ್ಕೆ ಹೋದೆ.

ಮೊದಲ ಮಳೆ ಬಿದ್ದ ಹೊತ್ತಿಗೆ ದವಡೆಯ ಕೆಳಗೆ ಗಂಟು ಕಾಣಿಸಿತು. ಬಾಯಿ ಪೂರ್ತಿ ತೆರೆಯಲು ಬರುತ್ತಿರಲಿಲ್ಲ. ನಾನು ಬೆರಳಿಟ್ಟು ನೋಡಿದೆ, ಕಲ್ಲಿನ ಹಾಗೆ ಗಟ್ಟಿ. ಆಗ ಮಾತ್ರ "ನಾಳೆನ ಹೋಗು" ಎಂದೆ, ನಾನೇ ಯಾರನ್ನೋ ಜೊತೆ ಮಾಡಿ ರೈಲು ಹತ್ತಿಸಿದೆ. ಎಲ್ಲ ಮಾಡಿದೆ. ನಿನಗೆ ಗೊತ್ತಿರುವುದು ಇಲ್ಲಿಂದ ಮುಂದಿನದು — ಡಾಕ್ಟರಮ್ಮ ಎಷ್ಟು ಓಡಾಡಿದರು, ಹೆತ್ತ ಮಗಳಿಗಿಂತ ಹೆಚ್ಚು ನೋಡಿಕೊಂಡರು. ಹೌದು, ಓಡಾಡಿದೆ. ಕೊಂದವರೂ ಮಣ್ಣಿಗೆ ಬರುತ್ತಾರೆ, ಎಲ್ಲರಿಗಿಂತ ಮುಂದೆ ನಿಂತು ಹೆಗಲು ಕೊಡುತ್ತಾರೆ. ಬೆಂಗಳೂರಿನವರು ನೋಡಿ, ತಡವಾಯಿತು, ಈಗ ಕರೆಂಟ್ ಇಟ್ಟು ಉಪಯೋಗವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು.

ಸಿರುಗುಪ್ಪದಲ್ಲಿ ಕೊನೆಯ ಸಲ ನೋಡಲು ಬಂದೆ. ಮಧ್ಯಾಹ್ನ. ಅವ್ವನನ್ನು ನೋಡಿಕೊಳ್ಳಲು ಬಂದಿದ್ದ ನೀನು ಅಡುಗೆ ಒಲೆಯ ಹತ್ತಿರ ಗಂಜಿ ಸೋಸುತ್ತಿದ್ದೆ. ಆಕೆಯ ಗಲ್ಲ ತೂತಾಗಿತ್ತು, ಬಟ್ಟೆ ಕಟ್ಟಿದ್ದರು, ಮಾತು ಹೋಗಿತ್ತು. ನನ್ನನ್ನು ನೋಡಿ ಮಾಬವ್ವ ಕುಪ್ಪಸದ ತೋಳು ಮೇಲಕ್ಕೆ ಸರಿಸಿ ಕೈ ಚಾಚಿದಳು. ತೆಗಿ, ಎಂದು. ಇನ್ನೂ ಆಸೆ ಇತ್ತು ಆಕೆಗೆ. ಕೆಟ್ಟದ್ದು ಇನ್ನೂ ಸ್ವಲ್ಪ ಉಳಿದಿದೆ, ಇವಳು ತೆಗೆದರೆ ಸರಿಹೋದೀತು ಅಂತ.

ಈಗ ಹೇಳುವುದನ್ನು ಹೇಳಲು ನನಗೆ ಬಹಳ ಕಷ್ಟ. ನನ್ನ ಚೀಲದಲ್ಲಿ ಸೂಜಿ ಇತ್ತು. ನಾನು ತೆಗೆದೆ. ಆಕೆಯ ಸಮಾಧಾನಕ್ಕೆ ನಾನು ತೆಗೆದೆ ಎಂದು ನೀನು ಆಮೇಲೆ ನಾಲ್ಕು ಜನರ ಮುಂದೆ ಹೇಳಿದೆ. ಅದು ಸುಳ್ಳು. ಆ ರಕ್ತವನ್ನು ಬಳ್ಳಾರಿಗೆ ಒಯ್ದು ಬಾಟಲಿಗೆ ಹಾಕಿದೆ, ಕಾಳಿನ ರಸ ಹಾಕಿದೆ, ಕಾದೆ. ಗುಲಾಬಿ ಗುಲಾಬಿಯಾಗೇ ಉಳಿಯಿತು. ಒಂದು ಕಣವೂ ಏಳಲಿಲ್ಲ. ನನಗೆ ಸಂತೋಷವಾಯಿತು ಖಾಸಿಂಬಿ. ಯಾಕೆಂದರೆ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ರೋಗ ಬೆಳೆದಂತೆ ಕಾವಲುಗಾರರ ಕಸುವು ಇಳಿಯುತ್ತದೆ, ಕೊನೆಗೆ ಏನೂ ಉಳಿಯುವುದಿಲ್ಲ. ಮೊದಲ ದಿನದಿಂದ ಕೊನೆಯ ದಿನದವರೆಗೆ, ಔಷಧ ತಾಗದ ಒಬ್ಬಳೇ ರೋಗಿಯ ರಕ್ತದಲ್ಲಿ ಇದನ್ನು ತೋರಿಸಲು ಬೇರೆ ಯಾರಿಗೆ ಸಾಧ್ಯವಿತ್ತು? ಯಾವ ಡಾಕ್ಟರು ತಾನೇ ರೋಗಿಗೆ ಔಷಧ ಕೊಡದೆ ಅಷ್ಟು ದಿನ ಇಟ್ಟುಕೊಳ್ಳುತ್ತಾನೆ?

ಅದನ್ನು ಪ್ರಬಂಧವಾಗಿ ಬರೆದು ದೊಡ್ಡ ಊರಿನ ಡಾಕ್ಟರುಗಳ ಸಭೆಯಲ್ಲಿ ಓದಿದೆ. ಚಪ್ಪಾಳೆ ಹೊಡೆದರು. ಎಮ್ಮೆ ಸಾಕು ಎಂದಿದ್ದ ಹಿರಿಯರೇ ಎದ್ದು ನಿಂತು ಮೆಚ್ಚಿದರು. ರೋಗಿಯು ಚಿಕಿತ್ಸೆಗೆ ಒಪ್ಪಲಿಲ್ಲ ಎಂದು ಒಂದು ಸಾಲು ಸೇರಿಸಿದ್ದೆ. ಯಾರೂ ಕೇಳಲಿಲ್ಲ. ಹಳ್ಳಿಯ ಹೆಂಗಸರು ಚಿಕಿತ್ಸೆಗೆ ಒಪ್ಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತಲ್ಲವೇ!

ಕೆಲವು ವರ್ಷಗಳಾದ ಮೇಲೆ ನೀನು ಬಂದೆ. ಗಲ್ಲದೊಳಗೆ ಬೆಳ್ಳನೆಯ ಮಚ್ಚೆ, ನಡುವೆ ಹುಣ್ಣು; ಬಾಯಿಯ ಡಾಕ್ಟರು ಕಳಿಸಿದ ಅದರ ಚೂರಿನಲ್ಲಿ ನಾನು ಆಗಲೇ ಕ್ಯಾನ್ಸರ್ ಕಂಡಿದ್ದೆ. ನೀನೂ ಅವ್ವನ ಹಾಗೆ ತಂಬಾಕು ಕಲಿತಿದ್ದೆ. ಕುರ್ಚಿಯಲ್ಲಿ ಕೂರುವ ಮೊದಲೇ ತೋಳು ಸರಿಸಿ ಕೈ ಚಾಚಿದೆ: "ಅವ್ವ ಬದುಕಿದ್ದಾಗ ಹೇಳ್ತಿದ್ಲುರಿ. ಏನಾರ ಆದ್ರ ಬಳ್ಳಾರಿಗೆ ಹೋಗು, ಡಾಕ್ಟ್ರಮ್ಮ ಕೆಟ್ಟ ರಕ್ತ ತೆಗಿತಾಳ ಅಂತ. ತೆಗಿರಿ."

ಆ ಕೈ ನೋಡಿ ನಾನು ಎದ್ದು ಹೊರಗೆ ಹೋದೆ. ನೀರು ಕುಡಿಯಲು ಹೋದರು ಅಂದುಕೊಂಡೆ ನೀನು. ತಿರುಗಿ ಬಂದು ನಿನ್ನ ಮೇಲೆ ಕೂಗಾಡಿದೆ — ರಕ್ತ ಗಿಕ್ತ ಏನಿಲ್ಲ, ಇವತ್ತೇ ಬೆಂಗಳೂರಿಗೆ ನಡಿ ಅಂತ. ನೀನು ಹೋದೆ, ಕರೆಂಟ್ ಇಡಿಸಿಕೊಂಡೆ, ವಾಸಿಯಾದೆ. ವಾಸಿಯಾಗಿ ಬಂದು ನನ್ನ ಕಾಲಿಗೆ ಬಿದ್ದೆ. ಆಮೇಲೆ ತಲೆ ಎತ್ತಿ ಕೇಳಿದೆ:

"ನಮ್ಮವ್ವಗೂ ಮೊದ್ಲ ಕರೆಂಟ್ ಇಟ್ಟಿದ್ರ ಉಳೀತಿದ್ಲೇನ್ರಿ?"

"ಆಕೀದು ಬ್ಯಾರೆ ತರದ್ದಿತ್ತು," ಎಂದೆ.

ಬೇರೆ ಥರದ್ದಲ್ಲ. ಅದೇ ಗಲ್ಲ, ಅದೇ ತಂಬಾಕು, ಅದೇ ರೋಗ. ನಾನೇ ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ. ನೀನು ನಂಬಿದೆ. ಅವ್ವನ ಮಗಳಲ್ಲವೇ ನೀನು! ಅಂದಿನಿಂದ ಪ್ರತಿ ರಂಜಾನಿಗೆ ಸುರಕುಂಬಾ. ನಾನು ಅದನ್ನು ತಿನ್ನುತ್ತಿದ್ದೆ. ರುಚಿ ಚೆನ್ನಾಗಿದೆ ಎಂದು ಹೇಳುತ್ತಿದ್ದೆ ಕೂಡ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಈ ವರ್ಷ ನೀನು ಕಾಲೇಜಿನ ನನ್ನ ಕೋಣೆಗೆ ಬಂದು, ಡಬ್ಬಿ ಇಟ್ಟು, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಅವ್ವನ ರಕ್ತ ಎಲ್ಲಿ ಹೂಣಿದ್ರಿ ಅಮ್ಮಾ? ಆಕಿ ಯಾರ ರಕ್ತನೂ ಹಂಗ ಒಗಿತಿರ್ಲಿಲ್ಲ. ಆಕೀದೂ ಎಲ್ಲೋ ಹೂಣಿರ್ತೀರಿ. ಆ ಜಾಗ ಒಮ್ಮಿ ಮುಟ್ಟಿ ಬರ್ತೀನಿ."

ಕೆಲಸ ಮುಗಿದ ಬಾಟಲಿಗಳನ್ನು ನಾನು ಫಿನೈಲು ಹಾಕಿ ಮೋರಿಗೆ ಸುರಿಯುತ್ತಿದ್ದೆ. ಎಲ್ಲರದ್ದನ್ನೂ ಹಾಗೇ, ಮಾಬವ್ವನದನ್ನೂ ಹಾಗೇ. ಬಾಟಲಿ ತೊಳೆದು ಮತ್ತೆ ಬಳಸುತ್ತಿದ್ದೆ. ನಿನ್ನ ಮುಖ ನೋಡಿದೆ. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಕಿಟಕಿಯ ಹೊರಗೆ, ಕಾಲೇಜಿನ ಕಾಂಪೌಂಡಿನ ಬೇವಿನ ಮರದ ಕಡೆ ಕೈ ತೋರಿಸಿದೆ.

ನೀನು ಚಪ್ಪಲಿ ಬಿಟ್ಟು ಹೋದೆ. ಆ ಬಿಸಿಲಲ್ಲಿ ಬರಿಗಾಲಲ್ಲಿ ಮರದ ಬುಡದಲ್ಲಿ ನಿಂತೆ. ಸೆರಗು ತಲೆ ಮೇಲೆ ಎಳೆದುಕೊಂಡು, ಎರಡೂ ಅಂಗೈ ಚಾಚಿ, ತುಟಿ ಆಡಿಸುತ್ತಾ ಎಷ್ಟೋ ಹೊತ್ತು ನಿಂತೆ. ಆಮೇಲೆ ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಒಂದು ಚಿಟಿಕೆ ಸೆರಗಿನಲ್ಲಿ ಗಂಟು ಹಾಕಿಕೊಂಡೆ. ನಾನು ಕಿಟಕಿಯಿಂದ ಎಲ್ಲ ನೋಡಿದೆ. ನೀನು ತಿರುಗಿ ಬಂದು, "ಈಗ ಮನಸ್ಸಿಗೆ ತಂಪಾತ್ರಿ," ಎಂದೆ.

ಆ ಬುಡದಲ್ಲಿ ಏನೂ ಇಲ್ಲ, ಖಾಸಿಂಬಿ. ಸೆರಗಿನ ಗಂಟು ಬಿಚ್ಚಿ ಆ ಮಣ್ಣು ಒಗೆದುಬಿಡು.

ನಿನಗೆ ಓದಲು ಬರುವುದಿಲ್ಲ. ಇದನ್ನು ಅಂಚೆಗೆ ಹಾಕಿದರೆ ಯಾರೋ ಪಕ್ಕದ ಮನೆಯವರು ಓದಿ ಹೇಳಬೇಕು, ನನ್ನ ತಪ್ಪಿನ ಭಾರ ಅವರ ನಾಲಿಗೆಯ ಮೇಲೆ. ಅದೂ ಬೇಡ. ನಾಳೆ ಬೆಳಿಗ್ಗೆ ತೆಕ್ಕಲಕೋಟೆಯ ಬಸ್ಸು ಹತ್ತುತ್ತೇನೆ. ನೀನು "ಬರ್ರಿ ಅಮ್ಮಾ, ಕುಂದರ್ರಿ" ಎಂದು ಚಾಪೆ ಹಾಸುತ್ತೀ, ಚಹಾಕ್ಕೆ ನೀರು ಇಡುತ್ತೀ. ಕೂರುವುದಿಲ್ಲ. ಹೊಸ್ತಿಲ ಹೊರಗೇ ನಿಂತು ಇದನ್ನೆಲ್ಲ ಮೊದಲ ಸಾಲಿನಿಂದ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ; ಅದನ್ನು ಕೇಳಿದರೆ ಮತ್ತೆ ನಿನ್ನಿಂದ ಏನೋ ತೆಗೆದುಕೊಳ್ಳಲು ಬಂದಂತಾಗುತ್ತದೆ. ಓದಿ ಮುಗಿಸಿ, ನೀನು ಅಂದು ನನ್ನ ಕಾಲ ಬಳಿ ಕೂತು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ನಿನ್ನ ಮಾತಿನಲ್ಲೇ:

ಉಳಿಯೋ ಹಾದಿ ಇತ್ತು ಖಾಸಿಂಬಿ. ಅಡ್ಡ ನಿಂತಾಕಿ ನಾನು.